ಕೈಮುಗಿದ ಬಂಡೆ

ಅರುಳಾಪುರದ ಚರ್ಚಿನ ಹಿಂದಿನಿಂದ ಶಿಲುಬೆಗುಡ್ಡಕ್ಕೆ ಹತ್ತುವ ದಾರಿಯಲ್ಲಿ, ಅರ್ಧ ಏರಿದ ಮೇಲೆ ಒಂದು ಬೋಳು ಬಂಡೆ ಸಿಗುತ್ತದೆ. ಅದರ ಒಂದು ಮಗ್ಗುಲು ಕಡಿದಾದ ಕೊರಕಲು. ಇದಕ್ಕೆ ಕೈಮುಗಿದ ಬಂಡೆ ಎಂದು ಹೆಸರು. ಪಟ್ಟಣದಿಂದ ಬಂದವರು, ಯಾರೋ ಸಂತರು ಇಲ್ಲಿ ನಿಂತು ದೇವರಿಗೆ ಕೈಮುಗಿದಿರಬೇಕು ಎಂದು ತಾವೇ ತೀರ್ಮಾನಿಸಿ, ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಸಂತರೂ ಇಲ್ಲ, ಮಣ್ಣೂ ಇಲ್ಲ! ನನಗೆ ಎಪ್ಪತ್ತು ದಾಟಿದೆ. ಈಗಲೂ ಅದರ ಹತ್ತಿರ ಬಂದರೆ ಭಯವಾಗುತ್ತದೆ.

ಹಿಂದೆ ಒಮ್ಮೆ ಈ ಊರಿನಲ್ಲಿ ಇನ್ನಾಸಪ್ಪನೆಂಬ ರೈತನಿದ್ದನಂತೆ. ಶುಭ ಶುಕ್ರವಾರದಂದು ಯೇಸುಸ್ವಾಮಿಯ ಮರದ ಸ್ವರೂಪವನ್ನು ಮಂಚದಲ್ಲಿ ಮಲಗಿಸಿ ಗುಡ್ಡಕ್ಕೆ ಹೊರುವ ನಾಲ್ವರಲ್ಲಿ ಆತನೇ ಮೊದಲಿಗ. ಹೊರುವವರು ಶುದ್ಧರಾಗಿರಬೇಕು. ಅದಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲವೆಲ್ಲ ಒಪ್ಪೊತ್ತು ಉಂಡು, ಚರ್ಚಿನ ಗುರುಗಳ ಬಳಿ ಪಾಪನಿವೇದನೆ ಮಾಡಿ, ಹಿಂದಿನ ದಿನ ಮನೆಮನೆಗೂ ಹೋಗಿ "ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ" ಎಂದು ಕೈಮುಗಿದು ಬರಬೇಕು. ಇನ್ನಾಸಪ್ಪ ಇದರಲ್ಲಿ ಕೂದಲೆಳೆಯಷ್ಟೂ ತಪ್ಪಿದವನಲ್ಲ. ತನ್ನನ್ನು ಬೈದವರ ಬಾಗಿಲಿಗೂ ಹೋಗಿ ಬಂದ. ಬಿಟ್ಟದ್ದು ಒಂದೇ ಬಾಗಿಲು, ತನ್ನದು. ಹೆಂಡತಿಗೆ ಯಾರಾದರೂ ಕೈಮುಗಿಯುತ್ತಾರೆಯೇ? ಆದರೆ ಅದೇ ವಾರ, ಎಳೆ ಬಾಣಂತಿ ಆರೋಗ್ಯಮ್ಮ ಹಸಿವು ತಾಳಲಾರದೆ ಗಂಜಿ ಕಾಯಿಸುತ್ತಿದ್ದಾಗ, "ಸ್ವಾಮಿ ಹೊರೋ ಮನೇಲಿ ಉಪವಾಸ ಮುರೀತೀಯಾ?" ಎಂದು ಕುದಿಯುವ ಗಡಿಗೆಯನ್ನೇ ಒದ್ದಿದ್ದ. ಆಕೆಯ ಪಾದ ಬೆಂದುಹೋಯಿತು. ಪಾಪನಿವೇದನೆಯಲ್ಲಿ ಆತ ಇದನ್ನು ಹೇಳಲೇ ಇಲ್ಲ. ಅದು ಪಾಪವೆಂದು ಆತನಿಗೆ ಅನ್ನಿಸಿಯೇ ಇರಲಿಲ್ಲ. ನನಗೆ ಭಯವಾಗುವುದು ಇಲ್ಲಿಯೇ.

ಮಂಚ ಈ ಬಂಡೆಯ ಬಳಿ ಬಂದಾಗ ಇನ್ನಾಸಪ್ಪನ ಹೆಗಲ ಮೇಲೆ ಬಿಸಿ ಹನಿಯೊಂದು ಬಿತ್ತು ಎನ್ನುತ್ತಾರೆ. ಆಮೇಲೆ ಮತ್ತೊಂದು. ಅಂಗಿ ಒದ್ದೆಯಾಗಲಿಲ್ಲ, ಒಳಗಿನ ಚರ್ಮ ಮಾತ್ರ ಚುರುಚುರು ಸುಟ್ಟಿತು. "ಮೇಲಿಂದ ಏನಾದ್ರೂ ಸುರೀತಿದೆಯೇನ್ರೋ?" ಎಂದು ಕೇಳಿದ. ಉಳಿದವರು ಇಲ್ಲವೆಂದರು. ಅಷ್ಟರಲ್ಲಿ ಮೂಗಿಗೆ ರಾಗಿ ಗಂಜಿಯ ವಾಸನೆ ಬಡಿಯಿತು. ಆತ ಬೆಚ್ಚಿ ಹೆಗಲು ಸರಿಸಿದ್ದೇ ಮಂಚ ಕೊರಕಲಿನತ್ತ ವಾಲಿತು, ಸ್ವರೂಪ ಜಾರತೊಡಗಿತು, ಹೆಂಗಸರು "ಅಯ್ಯೋ ಸ್ವಾಮಿ!" ಎಂದು ಚೀರಿದರು. ಹೇಗೋ ಬಂಡೆಯ ಮೇಲೆ ಇಳಿಸಿದರು. ಎಲ್ಲರ ಹಿಂದೆ ಮಗುವನ್ನೆತ್ತಿಕೊಂಡು ಕುಂಟುತ್ತ ಬರುತ್ತಿದ್ದ ಆರೋಗ್ಯಮ್ಮ ಅಲ್ಲಿಗೆ ತಲುಪುವವರೆಗೂ ಆತ ದಾರಿ ನೋಡುತ್ತ ನಿಂತಿದ್ದ. ಬಂದೊಡನೆ ಆಕೆಯ ಮುಂದೆ ಕೈಮುಗಿದ. ಆಕೆ ಮಗುವನ್ನು ಅವಚಿಕೊಂಡು ಹಿಂದೆ ಸರಿದಳು.

"ತಪ್ಪಾಯ್ತು ಕಣೇ, ಕ್ಷಮಿಸು. ಮೈಯೆಲ್ಲ ಸುಡ್ತಿದೆ."

"ನೀವು ಹತ್ತಿರ ಬಂದ್ರೆ ನನಗೆ ಕೈಕಾಲು ನಡುಗುತ್ತೆ," ಎಂದಳಂತೆ ಆಕೆ. "ಈ ಹೆದರಿಕೆ ಮೊದಲು ಹೋಗ್ಲಿ. ಆಮೇಲೆ ಹೇಳ್ತೀನಿ."

ಮಂಚಕ್ಕೆ ಬೇರೊಬ್ಬ ಹೆಗಲು ಕೊಟ್ಟ. ಇನ್ನಾಸಪ್ಪ ಆಕೆಯ ಹಿಂದೆ, ಆಕೆ ಬೆಚ್ಚದಷ್ಟು ದೂರ ಬಿಟ್ಟು ನಡೆದ. ಆಕೆ ಕ್ಷಮಿಸಿದಳೇ? ಮರುವರ್ಷವೇ ಎನ್ನುತ್ತಾರೆ ಕೆಲವರು, ಮುದುಕಿಯಾದ ಮೇಲೆ ಎನ್ನುತ್ತಾರೆ ಮತ್ತೆ ಕೆಲವರು. ಆತ ಪುನಃ ಮಂಚ ಹೊತ್ತನೆಂದು ಮಾತ್ರ ಯಾರೂ ಹೇಳುವುದಿಲ್ಲ.

ಇಂದಿಗೂ ಶುಭ ಶುಕ್ರವಾರ ಬಂದವರು ಇದನ್ನು ಕಣ್ಣಾರೆ ನೋಡಬಹುದು. ಮಂಚವನ್ನು ಬಂಡೆಯ ಮೇಲಿಳಿಸಿ, ಹೊರುವವರು ಒಬ್ಬೊಬ್ಬರಾಗಿ ತಮ್ಮ ಹೆಂಡತಿಯ ಮುಂದೆ ಕೈಮುಗಿದು ನಿಲ್ಲುತ್ತಾರೆ. ಮದುವೆಯಾಗದವರು ತಾಯಿಯ ಮುಂದೆ. ಆ ಹೊತ್ತು ಹಾಡೂ ಇಲ್ಲ, ಜಪವೂ ಇಲ್ಲ. ಆಕೆ ಒಪ್ಪಿ ತಲೆಯಾಡಿಸಿದರೆ ಮಾತ್ರ ಆತ ಮತ್ತೆ ಹೆಗಲು ಕೊಡಬೇಕು. ಹೋದ ವರ್ಷ ಹೊರುವವರಲ್ಲಿ ನನ್ನ ಮಗನೂ ಇದ್ದ. ಅವನು ಕೈಮುಗಿದಾಗ ನನ್ನ ಸೊಸೆ ತಲೆಯಾಡಿಸದೆ ನೆಲ ನೋಡುತ್ತ ನಿಂತುಬಿಟ್ಟಳು. ಊರೆಲ್ಲ ಕಾದಿತು. ಕೊನೆಗೆ ನನ್ನ ಮಗ ಸದ್ದಿಲ್ಲದೆ ಪಕ್ಕಕ್ಕೆ ಸರಿದ. ಅಂದಿನಿಂದ ಮನೆಯಲ್ಲಿ ಒಂದು ಪಾತ್ರೆ ಬಿದ್ದ ಸದ್ದಾದರೂ ನಾನು ಎದ್ದು ಹೋಗಿ ನೋಡುತ್ತೇನೆ.