ಮೇಜಿನ ಕಪ್ಪು ಕಾಲು

"ಬುದ್ಧಿ, ಮಠಕ್ಕೆ ಬರುವ ಮೊದಲು ನಾನು ನಾಟಕ ಕಂಪನಿಯಲ್ಲಿ ಹಾಸ್ಯಗಾರನಾಗಿದ್ದೆ. ನಾಳೆ ಮೊದಲ ಸಲ ಪ್ರವಚನಕ್ಕೆ ಕೂರಬೇಕು. ಜನ ಗುರುತು ಹಿಡಿದು ನಕ್ಕರೆ ನನ್ನ ಮಾತನ್ನು ಯಾರು ನಂಬುತ್ತಾರೆ? ಆ ಹನ್ನೆರಡು ವರ್ಷವನ್ನು ಹೇಗೆ ಅಳಿಸಿಹಾಕಲಿ?" ಎಂದು ಶಿಷ್ಯ ಶಿವರುದ್ರ ಗುರುಗಳನ್ನು ಕೇಳಿದ.

"ಅಳಿಸುವುದು ಆಮೇಲಾಗಲಿ. ಮೊದಲು ಕೂತುಕೋ, ಒಂದು ಮೇಜಿನ ಕತೆ ಹೇಳುತ್ತೇನೆ" ಎಂದರು ಗುರುಗಳು.

ಒಬ್ಬ ವ್ಯಾಪಾರಿ ಇದ್ದ. ಹಳೆಯ ಮೇಜು ಕುರ್ಚಿ ಮಾರುವ ಅಂಗಡಿ ಇಟ್ಟಿದ್ದ. ಹರಾಜಿನಲ್ಲಿ ಅವನಿಗೆ ಬೀಟೆ ಮರದ ಊಟದ ಮೇಜೊಂದು ಸಿಕ್ಕಿತು. ಇದು ವಿಕ್ಟೋರಿಯಾ ರಾಣಿಯ ಕಾಲದ್ದು ಎಂದು ಊರೆಲ್ಲ ಸಾರಿದ. ಊರವರು ಬಿಡುತ್ತಾರೆಯೇ? ಹೋದ ವರ್ಷ ಮಾಡಿದ್ದನ್ನು ನಿನ್ನ ತಲೆಗೆ ಕಟ್ಟಿದ್ದಾರೆ ಎಂದು ನಕ್ಕರು. ಹಳೆಯ ಮರ ನೋಡಿ ಅದರ ಕಾಲ ಹೇಳುವ, ಬೆಲೆ ಕಟ್ಟುವ ಹಿರಿಯಮ್ಮ ಒಬ್ಬರಿದ್ದರು. ವ್ಯಾಪಾರಿ ಅವರಿಗೆ ಹೇಳಿ ಕಳುಹಿಸಿದ. ಅವರೂ ಇಲ್ಲ ಎಂದುಬಿಟ್ಟರೆ ಅವನ ಅಂಗಡಿಯ ಮೆಟ್ಟಿಲನ್ನು ಮತ್ತೆ ಯಾರೂ ಹತ್ತುವಂತಿರಲಿಲ್ಲ.

ಅವರು ಬರುವ ಹಿಂದಿನ ದಿನ ಮೇಜನ್ನು ತಿಕ್ಕಿ ತಿಕ್ಕಿ ಹೊಳೆಸಿದ. ನಾಲ್ಕು ಕಾಲುಗಳ ಬುಡದಲ್ಲಿ ಮಾತ್ರ ಮೂರು ಬೆರಳಗಲ ಕಪ್ಪು ಕಲೆ. ಎಷ್ಟು ಉಜ್ಜಿದರೂ ಹೋಗದು. ಇಂಥ ಮಸಿ ಕಾಲನ್ನು ದೊಡ್ಡವರಿಗೆ ತೋರಿಸುವುದೇ? ಬಡಗಿಯನ್ನು ಕರೆದು, ಕೊಯ್ದುಬಿಡು ಎಂದ. ಬಡಗಿ ತಲೆ ಕೆರೆದುಕೊಂಡ. ಕೊಯ್ದ ಮರ ಚಿಗುರುವುದಿಲ್ಲ ಯಜಮಾನರೇ ಎಂದ. ಆತುರಕ್ಕೆ ಕಿವಿ ಎಲ್ಲಿದೆ? ನಾಲ್ಕು ತುಂಡೂ ನೆಲಕ್ಕೆ ಬಿದ್ದವು.

ಹಿರಿಯಮ್ಮ ಬಂದರು. ಮೇಜಿನ ಹೊಳಪನ್ನು ನೋಡಲೇ ಇಲ್ಲ. ಸೀದಾ ನೆಲದ ಮೇಲೆ ಕೂತು ಕಾಲಿನ ಬುಡ ಸವರಿದರು.

"ಕಲೆ ಎಲ್ಲಪ್ಪಾ? ಆಗೆಲ್ಲ ಇರುವೆ ಹತ್ತದಿರಲಿ ಎಂದು ಊಟದ ಮೇಜಿನ ಕಾಲನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದರು. ವರ್ಷಗಟ್ಟಲೆ ನೀರು ಕುಡಿದ ಮರ ಕಪ್ಪಾಗಿರುತ್ತದೆ. ಕೆತ್ತನೆ, ಹೊಳಪು ಈಗಿನವರೂ ಮಾಡಿಯಾರು. ನಾನು ನಂಬುವುದು ಆ ಕಲೆಯನ್ನು" ಎಂದರು.

ವ್ಯಾಪಾರಿ ತಲೆ ಚಚ್ಚಿಕೊಂಡ. ಇದ್ದ ಒಂದು ಸಾಕ್ಷಿಯನ್ನೂ ಕೈಯಾರೆ ಕೊಯ್ಯಿಸಿದೆನಲ್ಲ ಎಂದು ಅತ್ತುಬಿಟ್ಟ. ಬಾಗಿಲಲ್ಲಿ ನಿಂತಿದ್ದ ಬಡಗಿ ಆಗ ಮೆಲ್ಲಗೆ ಬಾಯಿಬಿಟ್ಟ.

"ಬೀಟೆ ಮರ ನೋಡಿ, ಒಲೆಗೆ ಹಾಕಲು ಮನಸ್ಸಾಗಲಿಲ್ಲ. ನಾಲ್ಕೂ ಮನೆಯಲ್ಲಿವೆ. ನಮ್ಮವಳು ಅವುಗಳ ಮೇಲೆ ದೋಸೆ ಹಿಟ್ಟಿನ ಪಾತ್ರೆ ಇಟ್ಟಿದ್ದಾಳೆ."

ವ್ಯಾಪಾರಿ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಹಿಟ್ಟು ಮೆತ್ತಿದ ತುಂಡುಗಳನ್ನು ಟವಲಿನಲ್ಲಿ ಕಟ್ಟಿ ತಂದು ಸುರಿದ. ಬಡಗಿ ಒಂದೊಂದನ್ನೂ ಅದರದರ ಕಾಲಿಗೆ ಹಿಡಿದ. ಮರದ ಗೆರೆಗೆ ಗೆರೆ ಕೂಡಿತು. ಹಿರಿಯಮ್ಮ ಕಲೆಯನ್ನು ಉಗುರಿನಿಂದ ಕೆರೆದು ನೋಡಿ ನಗುತ್ತ ಎದ್ದರು. ರಾಣಿಯ ಕಾಲದ್ದೇ, ಕೊಯ್ದದ್ದಕ್ಕೆ ಬೆಲೆ ಕೊಂಚ ಇಳಿದೀತು ಅಷ್ಟೆ ಎಂದರು. ಬೆಲೆಯ ಮಾತು ವ್ಯಾಪಾರಿಗೆ ಕೇಳಿಸಲೇ ಇಲ್ಲ. ಬಡಗಿಯನ್ನು ತಬ್ಬಿಕೊಂಡು ಕುಣಿದ. ಕಾಲು ಕೂಡಿಸಿದ ದಿನ ಅದೇ ಮೇಜಿನ ಮೇಲೆ ಎಲೆ ಹಾಕಿ, ನಕ್ಕ ಊರವರಿಗೆಲ್ಲ ದೋಸೆ ಬಡಿಸಿದ. ಹಿಟ್ಟು ಬಡಗಿಯ ಮನೆಯದೇ.

ಕತೆ ಕೇಳಿ ಶಿವರುದ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ನಗು ನಿಲ್ಲುವವರೆಗೆ ಗುರುಗಳು ಕಾದರು.

"ನಾಳೆ ಜನ ನಿನ್ನ ಮಾತು ನಂಬಬೇಕೆಂದರೆ, ಮೊದಲು ಅವರನ್ನು ಚೆನ್ನಾಗಿ ನಗಿಸು" ಎಂದರು.

ಅಳಿಸಬೇಕೆಂದಿದ್ದ ಹನ್ನೆರಡು ವರ್ಷದ ನಗೆಮಾತುಗಳನ್ನು ಶಿವರುದ್ರ ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದ.