ನೀರು ನೋಡುವವನ ಅಧಿಕಾರ

"ಬುದ್ಧಿ, ಅರಮನೆಯಿಂದ ಕರೆ ಬಂದಿದೆ. ಹೊಳೆ ಕೆರೆಗಳ ಅಧಿಕಾರಿಯಾಗು ಎನ್ನುತ್ತಾರೆ. ತಿಳಿದವನು ಹೊರಗೆ ನಿಂತು ಹೇಳುವುದು ಮೇಲೋ, ಒಳಗೆ ಕುಳಿತು ಆಳುವುದು ಮೇಲೋ?" ಎಂದು ಶಿಷ್ಯ ಮುರಿಗೆಯ್ಯ ಗುರುಗಳನ್ನು ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ನೀರು ನೋಡುವವನೊಬ್ಬನಿದ್ದ. ಹೊಳೆಯ ಮೇಲ್ದಂಡೆಯ ಬಣ್ಣಗಾರರು ನೀಲಿಯ ತೊಟ್ಟಿಗೆ ಸುಣ್ಣ ಹಾಕುತ್ತಿದ್ದರು. ಕೆಲಸ ಮುಗಿದ ಮೇಲೆ ಆ ನೀರನ್ನು ಹೊಳೆಗೇ ಬಿಡುತ್ತಿದ್ದರು. ಇವನು ಅರಿಸಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆಯನ್ನು ಹೊಳೆಗೆ ಇಳಿಬಿಡುತ್ತಿದ್ದ. ಸುಣ್ಣ ಬೆರೆತಿದ್ದರೆ ಬಟ್ಟೆ ಕೆಂಪಾಗುತ್ತಿತ್ತು. ಮೊದಲ ಸಲ ಕಂಡ ಹೆಂಗಸರು ಹೊಳೆಯಮ್ಮ ಒಲಿದು ಓಕುಳಿ ಕೊಟ್ಟಳೆಂದು ಕಾಯಿ ಒಡೆದರು.

"ಓಕುಳಿಯಲ್ಲ ತಾಯಂದಿರಾ, ವಿಷ! ಕುಡಿಯಬೇಡಿ."

"ನಿಮ್ಮಪ್ಪ ಇದನ್ನೇ ಕುಡಿದು ನಿನ್ನನ್ನು ಹುಟ್ಟಿಸಲಿಲ್ಲವೇನೋ?" ಎಂದು ಒಬ್ಬಳು ನಕ್ಕಳು.

ಅವನು ಬಿಡಲಿಲ್ಲ. ವರ್ಷಗಟ್ಟಲೆ ದಂಡೆಯ ಊರುಗಳನ್ನು ತಿರುಗಿ ಹೇಳಿದ. ಕೊನೆಗೆ ಜನ ನಂಬಿದರು. ಬಟ್ಟೆ ಹಳದಿಯಾಗಿಯೇ ಉಳಿದರೆ ಬಿಂದಿಗೆ ಮುಳುಗಿಸಿದರು. ಕೆಂಪಾದರೆ ದೂರದ ಬಾವಿಗೆ ನಡೆದರು.

ಮಾತು ದೊರೆಯ ಕಿವಿಗೆ ಬಿತ್ತು. ದೊರೆ ಹೊಳೆಯ ಅಧಿಕಾರವನ್ನು ಅವನಿಗೇ ಕೊಟ್ಟ. ಬಣ್ಣಗಾರರ ಯಜಮಾನ ಬಂದು ಕೈಮುಗಿದ. ಇದು ಲಗ್ನಗಳ ಕಾಲ, ಇದೊಂದು ಕಳೆಯಲಿ, ಆಮೇಲೆ ತೊಟ್ಟಿಯ ನೀರು ಹೊಳೆಗೆ ಹೋಗದಂತೆ ಇಂಗುಗುಂಡಿ ತೋಡುತ್ತೇವೆ ಎಂದ. ಹೊಸ ಅಧಿಕಾರಿಗೆ ನ್ಯಾಯವೆನಿಸಿತು; ಅವಧಿ ಕೊಟ್ಟ. ಮರುವರ್ಷ ಅಗೆಯುವಲ್ಲಿ ಬಂಡೆ ಬಂತು ಎಂದರು. ಮತ್ತೂ ಕೊಟ್ಟ. ಆ ವರ್ಷ ಅರಮನೆಯ ಮದುವೆಯ ಸೀರೆಗಳೂ ಅದೇ ತೊಟ್ಟಿಗಳಲ್ಲಿ ನೆನೆಯುತ್ತಿದ್ದವು.

ಬೇಸಿಗೆಯಲ್ಲಿ ಬಾವಿ ಬತ್ತಿತು. ಒಬ್ಬ ಮುದುಕಿ ಜ್ವರದ ಮೊಮ್ಮಗುವನ್ನು ಎತ್ತಿಕೊಂಡು ಅವನ ಚಾವಡಿಗೆ ಬಂದಳು.

"ಗಂಟಲು ಒಣಗಿದೆ ಕಣಪ್ಪಾ ಇದಕ್ಕೆ. ಹೊಳೆ ನೀರು ಕುಡಿಸಲೋ ಬೇಡವೋ, ನೀನೇ ಹೇಳು. ನಿನ್ನ ಮಾತು ಬಿಟ್ಟು ನಾನು ಯಾರದನ್ನೂ ಕೇಳಿದವಳಲ್ಲ."

ಅವನು ಎದ್ದು ಹೋಗಿ ಬಟ್ಟೆ ಅದ್ದಿದ. ಕೆಂಪಾಯಿತು. ಅಧಿಕಾರದ ಹೊರಗಿದ್ದಾಗ ಬಟ್ಟೆ ಕೆಂಪಾದರೆ ಅದು ಬಣ್ಣಗಾರರ ತಪ್ಪಾಗಿತ್ತು, ಈಗ ಅವನದೇ. 'ಪರವಾಗಿಲ್ಲ, ಕುಡಿಸು' ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ.

"ಬೇಡ ತಾಯಿ. ಈ ನೀರನ್ನು ಕೆಡಲು ಬಿಟ್ಟವನು ನಾನು," ಎಂದು ನೆರೆದವರೆದುರು ಹೇಳಿದ. ಅಂದೇ ಬಣ್ಣದ ತೊಟ್ಟಿಗಳನ್ನೆಲ್ಲ ಒಡೆಸಿದ, ಅರಮನೆಯ ಸೀರೆಗಳಿದ್ದವನ್ನೂ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮುರಿಗೆಯ್ಯನಿಗೆ ತಡೆಯಲಾಗಲಿಲ್ಲ. "ಅವನ ಅಧಿಕಾರ ಉಳಿಯಿತೇ, ಬುದ್ಧಿ?"

"ಮಗು ಉಳಿಯಿತೇ ಎಂದು ಕೇಳುವೆ ಎಂದುಕೊಂಡಿದ್ದೆ," ಎಂದರು ಗುರುಗಳು.