ಕಡಲಹೂವಿಗೆ ನಡಿಗೆ ಬಂದದ್ದು

ಲೋಕ ಇನ್ನೂ ಹೊಸದಾಗಿದ್ದಾಗಿನ ಮಾತು ಇದು. ಕಡಲಿಗೆ ಉಪ್ಪು ಬಿದ್ದು ಹೆಚ್ಚು ಕಾಲವಾಗಿರಲಿಲ್ಲ. ಬೆಟ್ಟಗಳು ಈಗಷ್ಟೇ ತಮ್ಮ ಜಾಗದಲ್ಲಿ ಕೂತು ಕಾಲು ಚಾಚಿಕೊಳ್ಳುತ್ತಿದ್ದವು. ಗಾಳಿ ಮಾತಾಡುತ್ತಿತ್ತು, ಸೂರ್ಯ ಮಾತಾಡುತ್ತಿದ್ದ, ಕೇಳಿದವರಿಗೆ ಕಡಲೂ ಉತ್ತರ ಕೊಡುತ್ತಿತ್ತು.

ಆ ಕಾಲದಲ್ಲಿ ಕಡಲಹೂವಿಗೆ ನಡೆಯಲು ಬರುತ್ತಿರಲಿಲ್ಲ.

ಕಡಲಹೂ ಎಂದರೆ ಗಿಡದ ಹೂವಲ್ಲ, ಅದೊಂದು ಜೀವಿ. ಬುಡದಿಂದ ಬಂಡೆಯನ್ನು ಹಿಡಿದುಕೊಂಡು, ತಲೆಯ ಸುತ್ತ ಮೆತ್ತನೆಯ ಬೆರಳುಗಳನ್ನು ಬಿಚ್ಚಿ, ನೀರು ತೂಗಿದಂತೆ ತೂಗುತ್ತಿರುತ್ತದೆ. ಕಡಲಮ್ಮ ತಾನೇ ನೋಡಿ ನೋಡಿ ಒಂದೊಂದನ್ನೂ ಒಂದೊಂದು ಬಂಡೆಯ ಮೇಲೆ ಕೂರಿಸಿದ್ದಳು. ಕೂರಿಸಿದಲ್ಲೇ ಅದು ಬೆಳೆಯುತ್ತಿತ್ತು, ಅಲ್ಲೇ ಬಾಳುತ್ತಿತ್ತು.

ಕಡಲ ಮೇಲಿನ ದಿಬ್ಬದಲ್ಲಿ ಜಟ್ಟಿ ಎಂಬ ಕಲ್ಲುಕುಟಿಗ ಇದ್ದ. ಅವನ ಜೊತೆ ಅವನ ಅಕ್ಕ ಬೊಮ್ಮಕ್ಕ. ತಾಯಿ ಬೇಗ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನೀರು ಇಳಿದಾಗ ಬಂಡೆಗಳ ನಡುವೆ ಹೋಗಿ ಚಿಪ್ಪಿ ಆರಿಸಿ ತರುವುದು ಅವಳ ಕೆಲಸ. ಮರಿ ಚಿಪ್ಪಿ ಸಿಕ್ಕಿದರೆ ಮತ್ತೆ ನೀರಿಗೇ ಬಿಡುತ್ತಿದ್ದಳು. ಅದಕ್ಕೇ ಕಡಲಮ್ಮನಿಗೆ ಅವಳೆಂದರೆ ಒಂದು ಕೈ ಹೆಚ್ಚು ಪ್ರೀತಿ.

ವಯಸ್ಸಾದಂತೆ ಬೊಮ್ಮಕ್ಕನ ಮೊಣಕಾಲುಗಳು ಹಿಡಿದುಕೊಂಡವು. ದಿಬ್ಬ ಇಳಿಯುವುದು ನಿಂತಿತು. ಆಮೇಲೆ ಅಂಗಳ ದಾಟುವುದೂ ನಿಂತಿತು.

ಜಟ್ಟಿ ಅಕ್ಕನನ್ನು ಬಹಳ ಚೆನ್ನಾಗಿ ನೋಡಿಕೊಂಡ. ಬೆಳಿಗ್ಗೆ ಅವಳ ಮಂಚವನ್ನು ಎಳೆಬಿಸಿಲಿಗೆ ಇಡುತ್ತಿದ್ದ. ಬಿಸಿಲು ಏರಿದರೆ ಒಳಗೆ ತರುತ್ತಿದ್ದ. ಸೆಕೆ ಅನ್ನಿಸಿದರೆ ಹೊನ್ನೆ ಮರದ ಕೆಳಗೆ, ಗಾಳಿ ಜೋರಾದರೆ ಮತ್ತೆ ಗೋಡೆಯ ಮರೆಗೆ.

"ಇಲ್ಲಿ ನಿನಗೆ ಒಳ್ಳೇದು, ಅಕ್ಕಾ" ಎನ್ನುತ್ತಿದ್ದ.

"ಹೂಂ" ಎನ್ನುತ್ತಿದ್ದಳು ಬೊಮ್ಮಕ್ಕ.

ಒಂದು ದಿನ ಅವಳು ತನ್ನಷ್ಟಕ್ಕೆ ಹೇಳಿಕೊಂಡಳು: "ಈ ಹೊತ್ತಿಗೆ ಸೀಳುಬಂಡೆಯ ಹತ್ತಿರದ ನೇರಳೆ ತುದಿಯ ಕಡಲಹೂ ಅರಳಿರುತ್ತೆ. ದಿನಾ ಅದರ ಮುಖ ನೋಡಿಯೇ ಚಿಪ್ಪಿ ಆರಿಸೋಕೆ ಶುರು ಮಾಡ್ತಿದ್ದೆ."

ಜಟ್ಟಿ ಆ ಮಾತನ್ನು ಕೇಳಿಸಿಕೊಂಡ. ದೊಡ್ಡದೊಂದು ಕಲ್ಲು ಕಡಿದು, ತೊಟ್ಟಿಲಿನಷ್ಟು ಆಳದ ಮರಿಗೆ, ಅಂದರೆ ಕಲ್ಲುತೊಟ್ಟಿ, ಮಾಡಿದ. ಅದನ್ನು ಒಳಮನೆಯಲ್ಲಿಟ್ಟು, ಅದರಲ್ಲಿ ಸಣ್ಣ ಬಂಡೆಗಳನ್ನು ಜೋಡಿಸಿ, ಕೊಡಕೊಡ ಕಡಲನೀರು ಹೊತ್ತು ತುಂಬಿಸಿದ. ಕೊನೆಗೆ ಸೀಳುಬಂಡೆಯ ಹತ್ತಿರ ಹೋಗಿ ಕಡಲಹೂವಿನ ಬುಡಕ್ಕೆ ಬೆರಳು ಹಾಕಿದ.

"ಅದನ್ನು ನೋಡಿ ಕೂರಿಸಿದವಳು ನಾನು, ಜಟ್ಟಿ" ಎಂದಳು ಕಡಲಮ್ಮ. "ಬಿಟ್ಟುಬಿಡು."

"ನಮ್ಮಕ್ಕ ಇನ್ನು ಇಲ್ಲಿಗೆ ಬರೋದಿಲ್ಲ, ಕಡಲಮ್ಮಾ" ಎಂದ ಜಟ್ಟಿ.

ಕಡಲಮ್ಮ ಬಂಡೆಯ ಮೇಲಿನ ಅಲೆಯನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ, "ಹಾಗಾದರೆ ಒಯ್ಯಿ. ಅದು ಬಾಡಿದರೆ ಮಾತ್ರ ನನಗೂ ಸಂಕಟ, ಅವಳಿಗೂ ಸಂಕಟ. ನೋಡಿಕೋ" ಎಂದಳು.

ಜಟ್ಟಿ ಬುಡ ಹರಿಯದ ಹಾಗೆ ನಿಧಾನವಾಗಿ ಎಬ್ಬಿಸಿ ತಂದ. ಮೊದಲು ಕಡಲಹೂ ಮುಷ್ಟಿಯಂತೆ ಮುದುಡಿಕೊಂಡಿತ್ತು. ಮರುದಿನ ಒಂದು ಬೆರಳು ಬಿಚ್ಚಿತು. ಆಮೇಲೆ ಇನ್ನಷ್ಟು. ಬೊಮ್ಮಕ್ಕ ಮಂಚದ ಮೇಲಿಂದ ಬಗ್ಗಿ ನೋಡಿ, "ಬಂದೆಯಾ ಮಗಾ" ಎಂದು ನಕ್ಕಳು. ಅವಳು ನಕ್ಕು ಎಷ್ಟೋ ಕಾಲವಾಗಿತ್ತು. ಜಟ್ಟಿಗೆ ಸಂತೋಷದಲ್ಲಿ ಊಟವೇ ಬೇಡವೆನಿಸಿತು.

ಆದರೆ ಕೆಲವೇ ದಿನಗಳಲ್ಲಿ ಕಡಲಹೂ ಬಿಳಿಚಿಕೊಂಡಿತು. ಜಟ್ಟಿ ಗಾಬರಿಯಿಂದ ಸೂರ್ಯನನ್ನು ಕೇಳಿದ.

"ಅದರ ಮೈಯೊಳಗೆ ನನ್ನ ಹೊಂಬಣ್ಣದ ಕಣಗಳಿವೆ" ಎಂದ ಸೂರ್ಯ. "ಅವಕ್ಕೆ ನಾನು ಬೇಕು. ನೀನು ಒಳಮನೆಯ ಕತ್ತಲಲ್ಲಿ ಇಟ್ಟರೆ ಅವು ಒಂದೊಂದಾಗಿ ಮನೆ ಬಿಟ್ಟು ಹೊರಡುತ್ತವೆ."

ಜಟ್ಟಿ ಮರಿಗೆಯನ್ನು ಅಂಗಳಕ್ಕೆ ಎಳೆದ. ಬಿಸಿಲಿಗೆ ನೀರು ತಗ್ಗಿತು, ತಗ್ಗಿದಷ್ಟೂ ಉಪ್ಪಾಯಿತು. ಅವನು ಇನ್ನೊಂದು ಕೊಡ ಕಡಲನೀರು ಸುರಿದ. ಕಡಲಹೂ ಮತ್ತಷ್ಟು ಮುದುಡಿತು. ಅವನು ದಿಬ್ಬದ ತುದಿಗೆ ಹೋಗಿ ಕಡಲಮ್ಮನನ್ನು ಕೂಗಿ ಕೇಳಿದ.

"ಸೂರ್ಯ ಒಯ್ಯೋದು ನೀರನ್ನು. ಉಪ್ಪನ್ನು ಅಲ್ಲೇ ಬಿಟ್ಟು ಹೋಗ್ತಾನೆ" ಎಂದಳು ಕಡಲಮ್ಮ. "ಆರಿದಷ್ಟನ್ನು ಬಾವಿಯ ಸಿಹಿನೀರಿನಿಂದ ತುಂಬು. ಅದೂ ಒಮ್ಮೆಲೇ ಸುರೀಬೇಡ."

ಗಾಳಿಯನ್ನೂ ಕೇಳಿದ. "ನಿಂತ ನೀರಿನಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ. ನಾನು ಹೋಗುತ್ತ ಬರುತ್ತ ನೀರು ಅಲುಗಿಸುತ್ತೇನೆ" ಎಂದಿತು ಗಾಳಿ.

ಎಲ್ಲರೂ ಒಳ್ಳೆಯ ಮಾತನ್ನೇ ಹೇಳಿದರು. ಜಟ್ಟಿ ಎಲ್ಲವನ್ನೂ ಮಾಡಿದ. ಅಷ್ಟಕ್ಕೇ ನಿಲ್ಲಲಿಲ್ಲ. ಬೆಳಕು ಸಾಲದೇನೋ ಎಂದು ಕಡಲಹೂವನ್ನು ಕಿತ್ತು ಮೇಲಿನ ಬಂಡೆಯ ಮೇಲೆ ಕೂರಿಸಿದ. ಬೆಳಕು ಹೆಚ್ಚಾಯಿತೇನೋ ಎಂದು ಕಿತ್ತು ಕೆಳಗಿಟ್ಟ. ಅಲೆ ತಾಗಲಿ ಎಂದು ಅಂಚಿಗೆ, ಅಲೆ ಜೋರಾಯಿತೆಂದು ಮೂಲೆಗೆ. ಹಸಿದಿದೆಯೆಂದು ಇಡೀ ಮೀನನ್ನು ಅದರ ಬಾಯಿಗೆ ಹಿಡಿದ. ಅದು ಉಗುಳಿತು, ನೀರು ನಾರಿತು, ನೀರನ್ನೆಲ್ಲ ಬದಲಿಸಿದ. ಜಟ್ಟಿಯ ಕೈ ಮರಿಗೆಯಿಂದ ಹೊರಗೆ ಬಂದದ್ದೇ ಕಡಿಮೆ.

ಕಡಲಹೂ ದಿನೇದಿನೇ ಸಣ್ಣಗಾಗುತ್ತ ನೆಲ್ಲಿಕಾಯಿಯಷ್ಟಾಯಿತು. ಬೆರಳುಗಳು ಬಿಚ್ಚುವುದು ನಿಂತಿತು.

ಬೊಮ್ಮಕ್ಕ ನಗುವುದೂ ನಿಂತಿತು. ಜಟ್ಟಿ ಮರಿಗೆಯ ಪಕ್ಕ ಕುಕ್ಕರಿಸಿ ಕೂತು ತಲೆ ಮೇಲೆ ಕೈ ಹೊತ್ತುಕೊಂಡ.

"ಏನು ಮಾಡಲಿ ಅಕ್ಕಾ? ಸೂರ್ಯನನ್ನು ಕೇಳಿದೆ, ಗಾಳಿಯನ್ನು ಕೇಳಿದೆ, ಕಡಲಮ್ಮನನ್ನು ಕೇಳಿದೆ."

"ಅದನ್ನು ಕೇಳಿದೆಯಾ?" ಎಂದಳು ಬೊಮ್ಮಕ್ಕ.

ಜಟ್ಟಿ ತಿರುಗಿ ನೋಡಿದ. ಅದು ಅವನಿಗೆ ಹೊಳೆದೇ ಇರಲಿಲ್ಲ. ನೀರಿಗೆ ಮುಖ ತಾಗುವಷ್ಟು ಬಗ್ಗಿ, "ನಿನಗೆ ಎಲ್ಲಿ ಹಿತ?" ಎಂದು ಕೇಳಿದ.

ಕಡಲಹೂವಿನ ದನಿ ಬಹಳ ಸಣ್ಣದು. "ನನಗೂ ಗೊತ್ತಿಲ್ಲ" ಎಂದಿತು. "ಇದು ಹೊಸ ಜಾಗ. ಒಂದು ಕಡೆ ಕೂತು ನೋಡಬೇಕು, ಬೆಳಕು ಹೇಗೆ, ನೀರು ಹೇಗೆ ಅಂತ. ಬುಡ ಊರಿ ಹಿಡಿಯುವಷ್ಟರಲ್ಲಿ ನೀನು ಎತ್ತುತ್ತೀ. ಮತ್ತೆ ಹಿಡಿಯುತ್ತೇನೆ, ಮತ್ತೆ ಎತ್ತುತ್ತೀ. ನನ್ನ ಶಕ್ತಿಯೆಲ್ಲ ಹಿಡಿಯುವುದರಲ್ಲೇ ಹೋಯಿತು."

ಜಟ್ಟಿ ತಲೆ ತಗ್ಗಿಸಿದಾಗ ಅಂಗಳದ ನೆಲ ಕಣ್ಣಿಗೆ ಬಿತ್ತು. ನೆಲದ ತುಂಬ ಮಂಚದ ಕಾಲಿನ ಗುರುತುಗಳಿದ್ದವು. ಬಾಗಿಲ ಹತ್ತಿರ, ಮರದ ಕೆಳಗೆ, ಗೋಡೆಯ ಬದಿಗೆ. ಎಲ್ಲೂ ಆಳವಾಗಿ ಇಳಿದಿರಲಿಲ್ಲ.

ಅವನು ಅಕ್ಕನ ಕಾಲ ಬಳಿ ಬಂದು ಕೂತ. "ಅಕ್ಕಾ, ನಿನ್ನ ಮಂಚ ಎಲ್ಲಿ ಹಾಕಲಿ?"

ಬೊಮ್ಮಕ್ಕ ತಡಮಾಡದೆ ಹೇಳಿದಳು. "ಹಿತ್ತಲ ಕಡೆ ಇಳಿಜಾರಿನ ತುದಿಯಲ್ಲಿ. ಅಲ್ಲಿಗೆ ಅಲೆಯ ಸದ್ದು ಬರುತ್ತೆ."

"ಅಲ್ಲಿ ಗಾಳಿ ಜಾಸ್ತಿ ಅಲ್ವಾ?"

"ಹೊದ್ದುಕೊಳ್ತೀನಿ."

"ಮೊದಲೇ ಯಾಕೆ ಹೇಳಲಿಲ್ಲ, ಅಕ್ಕಾ?"

"ನೀನು ಅಷ್ಟು ಪ್ರೀತಿಯಿಂದ ಹೊತ್ತುಕೊಂಡು ಓಡಾಡ್ತಿದ್ದೆ. ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ಜಟ್ಟಿ ಮಂಚವನ್ನು ಹಿತ್ತಲ ತುದಿಗೆ ಒಯ್ದ. ಮಂಚದ ಪಕ್ಕದಲ್ಲೇ ಮರಿಗೆಯನ್ನೂ ಇಟ್ಟ. ಆಮೇಲೆ ದಿಬ್ಬ ಇಳಿದು ಕಡಲಮ್ಮನ ಮುಂದೆ ನಿಂತ.

"ಅಕ್ಕನಿಗೆ ಬಾಯಿ ಇದೆ, ಹೇಳಿದಳು. ಕಡಲಹೂ ತನ್ನ ಜಾಗವನ್ನು ತಾನೇ ನೋಡಿ ಆರಿಸಿಕೊಳ್ಳಬೇಕಂತೆ. ಅದಕ್ಕೆ ಕಾಲು ಕೊಡು, ತಾಯಿ."

"ನಿನ್ನಂಥ ಕಾಲು ಕೊಟ್ಟರೆ ಅದೂ ನಿನ್ನ ಹಾಗೆ ಓಡಾಡಿ ಸುಸ್ತಾಗುತ್ತೆ" ಎಂದಳು ಕಡಲಮ್ಮ. "ನಿಧಾನದ ನಡಿಗೆ ಕೊಡ್ತೀನಿ. ಹೋಗ್ತಾ ಹೋಗ್ತಾ ಯೋಚಿಸುವಷ್ಟು ನಿಧಾನ. ಆದರೆ ಅದು ನಡೆಯುವಾಗ ನಿನ್ನ ಕೈ ನಿನ್ನ ಹತ್ತಿರವೇ ಇರಲಿ."

ಅವಳು ಅವನ ಬೊಗಸೆಗೆ ಒಂದಿಷ್ಟು ಬಿಳಿ ನೊರೆ ಹಾಕಿದಳು. ಜಟ್ಟಿ ಅದನ್ನು ಚೆಲ್ಲದ ಹಾಗೆ ತಂದು ಕಡಲಹೂವಿನ ಬುಡದ ಸುತ್ತ ಬಿಟ್ಟ.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಡಲಹೂವಿನ ಬುಡ ಒಂದು ಬದಿಗೆ ಚಾಚಿತು, ಬಂಡೆಯನ್ನು ಮುಟ್ಟಿ ನೋಡಿತು, ಉಳಿದ ಮೈಯನ್ನು ಮೆಲ್ಲಗೆ ಎಳೆದುಕೊಂಡಿತು. ಮತ್ತೆ ಚಾಚಿತು, ಮತ್ತೆ ಎಳೆದುಕೊಂಡಿತು. ಅದು ನಡೆಯುತ್ತಿತ್ತು.

ಮೊದಲು ಅದು ಹೋದದ್ದು ಕಲ್ಲಿನ ಸಂದಿಯ ಕತ್ತಲಿಗೆ. ಜಟ್ಟಿಯ ಕೈ ತಾನಾಗಿಯೇ ನೀರಿನ ಕಡೆ ಹೋಯಿತು.

"ಜಟ್ಟೀ" ಎಂದಳು ಬೊಮ್ಮಕ್ಕ.

ಅವನು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. ಅವನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವನು ಮಾಡಿರಲಿಲ್ಲ. ಕಲ್ಲು ಕಡಿಯುವುದು ಅದರ ಮುಂದೆ ಸುಲಭ. ದಿನವೂ ಆರಿದಷ್ಟು ಸಿಹಿನೀರು ಹಾಕುತ್ತಿದ್ದ, ಸಿಗಡಿಯ ಸಣ್ಣ ಚೂರೊಂದನ್ನು ಕಡ್ಡಿಯ ತುದಿಯಲ್ಲಿ ಕೊಟ್ಟು ನೋಡುತ್ತಿದ್ದ, ಬೇಡವೆಂದರೆ ತೆಗೆದುಬಿಡುತ್ತಿದ್ದ. ಉಳಿದ ಹೊತ್ತು ಅಕ್ಕನ ಪಕ್ಕ ಕೂತು ಕಾಯುತ್ತಿದ್ದ. ಅವಳು ಚಿಪ್ಪಿಗೆ ಹೋಗುತ್ತಿದ್ದ ದಿನಗಳ ಕತೆ ಹೇಳುತ್ತಿದ್ದಳು. ಇಷ್ಟು ವರ್ಷ ಜೊತೆಗಿದ್ದರೂ ಅವನ್ನೆಲ್ಲ ಅವನು ಕೇಳಿರಲೇ ಇಲ್ಲ.

ಒಂದು ಬೆಳಿಗ್ಗೆ ಕಡಲಹೂ ಸಂದಿಯಿಂದ ಹೊರಗೆ ಬಂತು. ಬಂಡೆಯೊಂದರ ಇಳಿಜಾರನ್ನು ಏರಿತು. ಅಲ್ಲಿ ಅರ್ಧ ಬಿಸಿಲು, ಅರ್ಧ ನೆರಳು. ಗಾಳಿ ಎಬ್ಬಿಸಿದ ಸಣ್ಣ ಅಲೆ ಅಲ್ಲಿಗೆ ಬಂದು ಹಗುರಾಗಿ ತಾಗುತ್ತಿತ್ತು. ಜಟ್ಟಿ ಅದನ್ನು ಎಂದೂ ಇಟ್ಟಿರದ ಜಾಗ ಅದು. ಕಡಲಹೂ ಅಲ್ಲಿ ಬುಡ ಊರಿತು, ಇನ್ನು ಯಾರು ಎಳೆದರೂ ಬಿಡದಂತೆ ಹಿಡಿದುಕೊಂಡಿತು.

ಮತ್ತೆ ಒಂದು ಬೆರಳು ಬಿಚ್ಚಿತು.

ಬಣ್ಣ ಮರಳಲು ಬಹಳ ಕಾಲ ಹಿಡಿಯಿತು. ಸೂರ್ಯನ ಕಣಗಳು ಒಂದೊಂದಾಗಿ ಮನೆಗೆ ಬಂದವು. ಮೊದಲು ತೆಳು ಹಳದಿ, ಆಮೇಲೆ ಜೇನುಬಣ್ಣ, ಕೊನೆಗೆ ತುದಿಗಳಲ್ಲಿ ನೇರಳೆ. ಬೊಮ್ಮಕ್ಕ ಕಂಬಳಿ ಹೊದ್ದು, ಅಲೆಯ ಸದ್ದು ಕೇಳುತ್ತ, ಅದರ ಮುಖ ನೋಡುತ್ತಿದ್ದಳು.

ಅದನ್ನು ಕಂಡು ಕಡಲಮ್ಮ ತನ್ನೊಳಗಿದ್ದ ಎಲ್ಲ ಕಡಲಹೂಗಳಿಗೂ ಅದೇ ನಡಿಗೆ ಕೊಟ್ಟಳು. ಎಂದಾದರೂ ಯಾರದಾದರೂ ಮನೆಗೆ ಹೋಗಬೇಕಾಗಿ ಬಂದರೆ ಇರಲಿ ಎಂದು.

ಆದ್ದರಿಂದಲೇ ಮಗೂ, ನಿಮ್ಮ ಮನೆಯ ಗಾಜಿನ ತೊಟ್ಟಿಗೆ ಹೊಸದಾಗಿ ತಂದ ಕಡಲಹೂ ನೀವು ಇಟ್ಟಲ್ಲಿ ನಿಲ್ಲದೆ ಮೆಲ್ಲಮೆಲ್ಲಗೆ ನಡೆದು ತನ್ನ ಬೆಳಕನ್ನೂ ತನ್ನ ಅಲೆಯನ್ನೂ ಹುಡುಕಿಕೊಳ್ಳುತ್ತದೆ, ಮತ್ತು ಅದು ಹುಡುಕಿ ಮುಗಿಸುವವರೆಗೆ ಅಪ್ಪ ಅಮ್ಮ ತೊಟ್ಟಿಯ ಮುಂದೆ ಕೈ ಕಟ್ಟಿಕೊಂಡು ಕೂತು ಕಾಯುತ್ತಾರೆ.